ಮೈದಾನದ ಆಚೆ ಬದಿ

ಎಲ್ಡನ್ ಹೈಟ್ಸ್, ಒಹಾಯೊ
ಅಕ್ಟೋಬರ್ 20, ಭಾನುವಾರ

ಪ್ರೀತಿಯ ಡೆನೀಸ್,

ಬೈಯಬೇಡ ಮಾರಾಯ್ತಿ. ನಿನ್ನ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ದಿನಾ ನೋಡುತ್ತಿದ್ದೇನೆ, ಬರೆಯಲು ಮಾತ್ರ ಕೈ ಬಂದಿರಲಿಲ್ಲ. ಬೇಸಿಗೆಗೆ ನೀವೆಲ್ಲ ಅರಿಝೋನಾ ಬಿಟ್ಟು ಇತ್ತ ಬರುತ್ತೀರೆಂದು ಓದಿ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಮಗ ಓವನ್‌ನನ್ನು ನಮ್ಮ ಎಲ್ಡನ್ ಹೈಸ್ಕೂಲಿಗೆ ಹಾಕಲೋ, ಹೊಳೆಯಾಚೆಯ ಕಾರ್ವರ್ ರಿಡ್ಜ್‌ಗೋ ಎಂದು ಕೇಳಿದ್ದೀಯಲ್ಲ, ಈ ವಿಷಯವನ್ನು ನನ್ನಷ್ಟು ಅರೆದು ಕುಡಿದವರು ಈ ಊರಲ್ಲೇ ಇಲ್ಲ.

ಓದಿನಲ್ಲಿ ರಿಡ್ಜ್ ಮುಂದು, ಸುಳ್ಳೇಕೆ ಹೇಳಲಿ. ಕಾಲೇಜು ಮಟ್ಟದ ಪಾಠಗಳು ಅಲ್ಲಿ ನಮ್ಮಲ್ಲಿರುವುದರ ಮೂರರಷ್ಟಿವೆ. ಆದರೆ ತೊಂಬತ್ತೆರಡು ಅಂಕ ಬಂದರೂ ಮಕ್ಕಳು ಕಾರಿನಲ್ಲಿ ಕೂತು ಅಳುತ್ತಾರಂತೆ. ಆ ಕಾರುಗಳೋ, ಮೇಷ್ಟರ ಕಾರಿಗಿಂತ ಹೊಸವು! ನಮ್ಮಲ್ಲಿ ಗಣಿತದ ಶ್ರೀಮತಿ ಪಲಂಬೋ ಇನ್ನೂ ಇದ್ದಾರೆ. ಲೆಕ್ಕ ತಲೆಗೆ ಹತ್ತದವರನ್ನು ಊಟದ ಹೊತ್ತಿನಲ್ಲೂ ಹಿಡಿದು ಕೂರಿಸುತ್ತಾರೆ. ಓವನ್‌ಗೆ ಕುಸ್ತಿ ಇಷ್ಟ ಎಂದೆಯಲ್ಲ, ರಿಡ್ಜ್‌ನಲ್ಲಿ ಆಯ್ಕೆಗೆ ಬಂದ ಹುಡುಗರಲ್ಲಿ ಅರ್ಧಕ್ಕರ್ಧ ವಾಪಸ್ ಮನೆಗೆ. ನಮ್ಮಲ್ಲಿ ಬಂದವರೆಲ್ಲ ತಂಡದಲ್ಲಿ, ಸೋಲೂ ಎಲ್ಲರಿಗೂ ಸಮಪಾಲು. ಊಟದ ಮೇಜಿನಲ್ಲಿ ಹೊಸಬರು ಬಂದರೆ ನಮ್ಮ ಮಕ್ಕಳು ಸರಿದು ಜಾಗ ಕೊಡುತ್ತಾರೆ. ಅಲ್ಲಿಯವರೂ ಕೆಟ್ಟವರಲ್ಲ ಬಿಡು, ಪಾಪ, ಪುರುಸೊತ್ತಿಲ್ಲ.

ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀಯಾ? ನಿನಗೆ ತಿಳಿಸಿರಲಿಲ್ಲ, ನನ್ನ ಟೆಸ್ ಆಗಸ್ಟ್‌ನಿಂದ ರಿಡ್ಜ್‌ನಲ್ಲಿ ಓದುತ್ತಿದ್ದಾಳೆ. ಅವಳಿಗೆ ಅಲ್ಲಿಯ ಇನ್ನೂರು ಮಕ್ಕಳ ಬ್ಯಾಂಡ್ ಬೇಕಿತ್ತು. ಆ ಊರಲ್ಲೇ ವಾಸವಿರುವ ಮಕ್ಕಳಿಗಷ್ಟೇ ಆ ಶಾಲೆ; ನಾವು ಬೇರೆಯಾದ ಮೇಲೆ ಗ್ರೆಗ್ ಮನೆ ಮಾಡಿರುವುದು ಅಲ್ಲೇ ತಾನೆ, ಅವಳು ಅವನ ಮನೆಗೆ ಹೋಗುವುದೆಂದಾಯಿತು. "ವಾರಕ್ಕೆರಡು ರಾತ್ರಿ ನಿನ್ನ ಹತ್ರ ಇದ್ರೆ ಸಾಲದಾ?" ಎಂದು ಅವನನ್ನು ಕೇಳಿದೆ.

"ಮಗು ಎಲ್ಲಿ ಮಲಗುತ್ತೆ ಅಂತ ಸ್ಕೂಲಿನವ್ರು ನೋಡ್ತಾರೆ ಲೊರೆಟ್ಟಾ," ಎಂದ. "ಯಾರು ಜಾಸ್ತಿ ಪ್ರೀತಿಸ್ತಾರೆ ಅಂತಲ್ಲ."

ಹೊರಡುವಾಗ ಟೆಸ್ ನನ್ನ ಕುತ್ತಿಗೆಗೆ ಜೋತುಬಿದ್ದು, "ಸ್ಕೂಲು ಬದಲಾಯಿಸ್ತಿದೀನಿ ಅಮ್ಮಾ, ನಿನ್ನನ್ನಲ್ಲ," ಎಂದಳು. ನಂಬಿದೆ. ಆದರೂ ಮನೆ ಬಿಕೋ ಎನ್ನುತ್ತದೆ ಕಣೇ. ಅವಳ ಕ್ಲಾರಿನೆಟ್ಟಿಗೆ ಊಳಿಡುತ್ತಿದ್ದ ಪಕ್ಕದ ಮನೆ ನಾಯಿ ಕೂಡ ಈಗ ಸುಮ್ಮನಾಗಿದೆ. ಒಬ್ಬಳಿಗೆಂದು ಸೂಪು ಕಾಯಿಸುವುದು ನನಗೆ ಇನ್ನೂ ಬಂದಿಲ್ಲ, ದಿನಾ ಒಂದು ಬಟ್ಟಲು ಮಿಗುತ್ತದೆ.

ಮೊನ್ನೆ ಶುಕ್ರವಾರ ನಮ್ಮ ಮೈದಾನದಲ್ಲೇ ಎಲ್ಡನ್‌ಗೂ ರಿಡ್ಜ್‌ಗೂ ಫುಟ್‌ಬಾಲ್ ಪಂದ್ಯ. ಎಲ್ಡನ್ನಿನ ಕೆಂಪು ಜಾಕೆಟ್ ಏರಿಸಿಕೊಂಡು, ನಾನೂ ನೀನೂ ಹುಡುಗಿಯರಾಗಿದ್ದಾಗ ಕೂರುತ್ತಿದ್ದ ಎಲ್ಡನ್ ಬದಿಯ ಅದೇ ಮೆಟ್ಟಿಲಲ್ಲಿ ಕೂತೆ. ಕಾಲು ತಾನಾಗಿ ಅಲ್ಲಿಗೇ ಹೋಯಿತು. ಹಾಫ್‌ಟೈಮಿಗೆ ರಿಡ್ಜ್ ಬ್ಯಾಂಡ್ ಇಳಿಯಿತು. ಗೊತ್ತಲ್ಲ, ಹೊರಗಿನಿಂದ ಬಂದ ಬ್ಯಾಂಡ್ ಆಚೆ ಬದಿಯ ತನ್ನ ಊರಿನವರಿಗೇ ಮುಖ ಮಾಡಿ ನುಡಿಸುವುದು. ನನ್ನ ಪಾಲಿಗೆ ಸಿಕ್ಕಿದ್ದು ಬರೀ ರಿಡ್ಜ್‌ನ ಹಸಿರು ಸಮವಸ್ತ್ರದ ಬೆನ್ನುಗಳು. ಎಡಭುಜ ತುಸು ಇಳಿಸಿ ನಿಲ್ಲುವ ಅಭ್ಯಾಸ ನೋಡಿ ಅವಳನ್ನು ಗುರುತು ಹಿಡಿದೆ. ಒಂದು ಸಲವಾದರೂ ತಿರುಗಿ ನೋಡುತ್ತಾಳೆಂದು ಕಾದೆ. ನೋಡಲಿಲ್ಲ. ಹೊಟ್ಟೆ ಉರಿಯಿತು, ಹೆತ್ತವಳು ಇಲ್ಲಿ ಚಳಿಯಲ್ಲಿ ಕೂತಿದ್ದೇನೆ, ಇವಳಿಗೆ ಹೊಸ ಊರಿನವರೇ ಹೆಚ್ಚಾದರೇ ಎಂದು.

ಓವನ್‌ನನ್ನು ಎಲ್ಡನ್‌ಗೇ ಹಾಕು ಎಂಬುದು ನನ್ನ ಮಾತು. ಅವನೂ ನನ್ನ ಮನೆ ಹತ್ತಿರವೇ ಇದ್ದಂತಾಗುತ್ತದೆ, ನನ್ನ ಸ್ವಾರ್ಥವೂ ಇದೆ ಎಂದಿಟ್ಟುಕೋ. ಎಲ್ಲಿ ಓದಿದರೂ ಮಗು ನಗುನಗುತ್ತಾ ಇರಲಿ, ನಿನ್ನ ಸಂಸಾರ ತಣ್ಣಗಿರಲಿ. ನೀವು ಬಂದಿಳಿದ ದಿನ ಊಟ ನಮ್ಮಲ್ಲೇ.

ನಿನ್ನ
ಲೊರೆಟ್ಟಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದೆಂದಿದ್ದೆ. ನುಡಿಸಿ ಮುಗಿದ ಮೇಲೆ ಬ್ಯಾಂಡಿನ ಮಕ್ಕಳಿಗೆ ತಿನ್ನಲು ಬಿಡುತ್ತಾರಲ್ಲ, ಆಗ ತಿಂಡಿ ಅಂಗಡಿಯ ಬಳಿ ಟೆಸ್ ಎದುರಾದಳು. ನನ್ನ ಕೆಂಪು ಜಾಕೆಟನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಈ ಕಡೆ ಕೂತಿದ್ಯಾ?" ಎಂದಳು. ಹೂಂ ಎಂದೆ. "ಅಪ್ಪಂಗೆ ಹೇಳಿ ಆ ಕಡೆ ಮುಂದಿನ ಸಾಲಲ್ಲೇ ನಿಂಗೆ ಜಾಗ ಹಿಡಿಸಿದ್ದೆ ಅಮ್ಮಾ. ನುಡಿಸ್ತಾ ಅದನ್ನೇ ನೋಡ್ತಿದ್ದೆ. ಕೊನೇ ತನಕ ಖಾಲೀನೇ ಇತ್ತು."