ಯಾರಾದರೂ ನೋಡುತ್ತಿದ್ದೀರಾ?

ಆಸ್ಪತ್ರೆಯ ಯಂತ್ರಗಳ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕನಿಗೆ,

ಮೊದಲು ಕೂತುಕೊಂಡು ಓದು. ಗಾಬರಿಯಾಗುವಂಥದ್ದು ಒಂದಿತ್ತು, ಇವತ್ತು ಹನ್ನೊಂದು ಗಂಟೆಗೆ ಮುಗಿಯಿತು. ಈಗ ಹಸಿವಾಗುತ್ತಿದೆ, ಸೋಮವಾರದಿಂದ ಆಗಿರಲಿಲ್ಲ.

ನಮ್ಮ ದೊಡ್ಡ ಡಾಕ್ಟರು ಮಾಡುವ ಆಪರೇಷನ್ನನ್ನು ವಿದ್ಯಾರ್ಥಿಗಳಿಗೆ ಇನ್ನೂರು ಪರದೆಗಳಲ್ಲಿ ನೇರವಾಗಿ ತೋರಿಸುವುದು ನನ್ನ ಕೆಲಸ. ಮೊದಲು ಪರದೆಗೊಂದರಂತೆ ಪ್ರತಿ ಕಳಿಸುತ್ತಿದ್ದರು; ನಲವತ್ತು ದಾಟಿದರೆ ಎಲ್ಲವೂ ಏದುಸಿರು ಬಿಡುತ್ತಿತ್ತು. ನಾನು ಅದನ್ನು ಮಲ್ಟಿಕಾಸ್ಟ್ ಮಾಡಿದೆ. ಒಂದೇ ಪ್ರತಿ ಹೊರಡುತ್ತದೆ, ದಾರಿ ಕವಲೊಡೆದಲ್ಲಿ ಮಾತ್ರ ಎರಡಾಗುತ್ತದೆ, ನಮಗೂ ಬೇಕು ಎಂದವರ ಕಡೆಗಷ್ಟೇ ಹೋಗುತ್ತದೆ. ಎರಡು ಸಾವಿರ ಪರದೆಯಾದರೂ ಹೊರಡುವಲ್ಲಿ ಹೊರೆ ಅಷ್ಟೇ ಎಂದು ಮೇಲಧಿಕಾರಿಯೆದುರು ಜಂಬ ಕೊಚ್ಚಿಕೊಂಡಿದ್ದೆ.

ಸೋಮವಾರ ಪರೀಕ್ಷಿಸಿದರೆ ನಾಲ್ಕೇ ನಿಮಿಷಕ್ಕೆ ಇನ್ನೂರೂ ಕಪ್ಪು. ಮತ್ತೆ ಶುರುಮಾಡಿದರೆ ಮತ್ತೆ ನಾಲ್ಕು ನಿಮಿಷ. ಗುರುವಾರವೂ ಹೀಗಾದರೆ ಬೇರೆ ಕೆಲಸ ನೋಡಿಕೊಳ್ಳಬೇಕಾಗುತ್ತದೆ ಎಂದು ಮೇಲಧಿಕಾರಿ ಮೆತ್ತಗೆ ಹೇಳಿದರು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ನಿನ್ನೆ ಸಂಜೆ ಗೊತ್ತಾಯಿತು. ಕವಲುಗಳಲ್ಲಿ ಯಾವ ಕಡೆ ಕಳಿಸಬೇಕೆಂದು ನಿರ್ಧರಿಸುವ ಸ್ವಿಚ್ ಎಂಬ ಪೆಟ್ಟಿಗೆಗಳಿವೆ. ಎರಡು ನಿಮಿಷಕ್ಕೊಮ್ಮೆ ಯಾರಾದರೂ ನೋಡುತ್ತಿದ್ದೀರಾ ಎಂದು ಒಂದು ಯಂತ್ರ ವಿಚಾರಿಸಬೇಕು, ಪರದೆಗಳು ಹೂಂ ಅನ್ನಬೇಕು. ವಿಚಾರಿಸುವವರೇ ಇಲ್ಲದಿದ್ದರೆ ಹೂಂಗುಟ್ಟುವವರೂ ಇಲ್ಲ. ಯಾರೂ ಉಳಿದಿಲ್ಲವೆಂದುಕೊಂಡು ಸ್ವಿಚ್‌ಗಳು ದಾರಿ ಮುಚ್ಚಿಬಿಡುತ್ತವೆ. ಹೋದ ತಿಂಗಳು ಹತ್ತು ಪರದೆಗಳ ಪರೀಕ್ಷೆ ಸರಾಗವಾಗಿ ನಡೆದದ್ದು ಮೂಲೆಯ ಹಳೇ ರೂಟರ್ ಎಲ್ಲರನ್ನೂ ಹೀಗೆ ವಿಚಾರಿಸುತ್ತಿದ್ದ ಪುಣ್ಯದಿಂದ. ಕೆಲಸಕ್ಕೆ ಬಾರದ್ದೆಂದು ಅದರ ವೈರು ಕಿತ್ತು, ಮೇಲೆ ಊಟದ ಡಬ್ಬಿ ಇಟ್ಟವಳು ನಾನೇ.

ವೈರು ಸಿಕ್ಕಿಸಿ, ತಪ್ಪು ನನ್ನದೆಂದು ಹೋಗಿ ಒಪ್ಪಿಕೊಂಡೆ. ಇವತ್ತು ಎರಡೂವರೆ ಗಂಟೆ ಒಂದು ಪರದೆಯೂ ಮಿಟುಕಲಿಲ್ಲ. ರೋಗಿಯೂ ಕ್ಷೇಮ. ಡಬ್ಬಿ ಇನ್ನು ಮೇಲೆ ಮೇಜಿನ ಮೇಲಿರಲಿ ಎಂದಷ್ಟೇ ಹೇಳಿ ಮೇಲಧಿಕಾರಿ ಹೋದರು. ಬಾಗಿಲು ಹಾಕಿಕೊಂಡು ಒಂದಿಷ್ಟು ಅತ್ತುಬಿಟ್ಟೆ. ಹಗುರಾಯಿತು.

ಆಮೇಲೆ ನೀನು ನೆನಪಾದೆ. ಪ್ರತಿ ಭಾನುವಾರ ಫೋನ್ ಮಾಡಿ ಊಟ ಆಯಿತಾ, ಕೆಲಸ ಹೇಗಿದೆ ಎಂದು ಕೇಳುತ್ತಿದ್ದೆ. ಎಷ್ಟು ಸಲ ಅದೇ ಪುರಾಣ ಎಂದು ನಾನು ರೇಗಿದೆ. ಏಳು ಭಾನುವಾರವಾಯಿತು. ನೀನು ಮಾಡಲಿಲ್ಲ, ನಾನೂ ಮಾಡಲಿಲ್ಲ. ತಪ್ಪಾಯಿತು ಅಕ್ಕ. ಭಾವನಿಗೂ ಹೇಳು, ಈ ಹಟದಲ್ಲಿ ನಾನು ಸೋತೆನೆಂದು ಕೇಳಿದರೆ ಅವರಿಗೆ ಖುಷಿಯಾಗುತ್ತದೆ.

ನಿನ್ನ
ಮೊಂಡಿ

ತಾ.ಕ.: ರೇಗಿದ್ದು ನಿನ್ನ ಮೇಲಲ್ಲ. ಕೆಲಸ ಖಾಯಂ ಆಯಿತೆಂದು ಹೋದ ವರ್ಷ ಹೇಳಿದ್ದೆನಲ್ಲ, ಅದು ಸುಳ್ಳು. ನೀನು ವಿಚಾರಿಸಿದಾಗಲೆಲ್ಲ ಅದನ್ನೇ ಮತ್ತೆ ಹೇಳಬೇಕಾಗುತ್ತಿತ್ತು. ಖಾಯಂ ಆದದ್ದು ಇವತ್ತು. ಆದೇಶ ಕೈಗೆ ಬಂದು ಅರ್ಧ ಗಂಟೆಯೂ ಆಗಿಲ್ಲ. ಈ ಭಾನುವಾರ ಫೋನ್ ಮಾಡಿ ಕೆಲಸ ಹೇಗಿದೆ ಎಂದು ಕೇಳು. ಒಮ್ಮೆಯಾದರೂ ನಿಜ ಹೇಳುತ್ತೇನೆ.