ಕಡೆಕುದ್ರಿನ ಮರೆಸಾಲು

ಮುಳುಗಡೆಯ ತೊಂಬತ್ತೊಂದನೇ ವರ್ಷ, ಏಡಿ ತಿಂಗಳು, ಎರಡನೇ ಇಳಿತ.
(ನಿಮ್ಮ ಲೆಕ್ಕದಲ್ಲಿ ೨೨೧೯ನೇ ಇಸವಿ, ಮಾರ್ಚ್ ಮೂವತ್ತೆರಡು. ಅಂಥ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಗೊತ್ತು. ನಮ್ಮದರಲ್ಲಿ ಇದೆ.)

ಕಡೆಕುದ್ರಿನ ಹಿರಿಯರಿಗೆ, ೨೧೭ನೇ ಮತಗಟ್ಟೆಯ ಪಾಲಕಿ ಮೂಕಾಂಬೆಯ ನಮಸ್ಕಾರಗಳು.

ಮೊದಲಿಗೆ ನನ್ನ ಭಾಷೆಯ ಬಗ್ಗೆ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಮತದಾರರ ಪಟ್ಟಿ, ನೋಟಿಸು, ಪಡಿತರ ಚೀಟಿಗಳಿಂದ. ಹೀಗಾಗಿ ಎಷ್ಟೇ ಪ್ರೀತಿಯಿಂದ ಬರೆದರೂ ತಹಶೀಲ್ದಾರರ ಆದೇಶದ ಹಾಗೆ ಕೇಳಿಸಬಹುದು. ಈ ಕಾಗದ ನಿಮ್ಮನ್ನು ಹೇಗೆ ತಲುಪಿತು ಎಂದು ತಲೆ ಕೆಡಿಸಿಕೊಳ್ಳಬೇಡಿ. ಅದನ್ನು ವಿವರಿಸುವಷ್ಟು ವಿದ್ಯೆ ನನಗೂ ಇಲ್ಲ.

ನಿಮಗೆ ಇದು ಮತದಾನದ ಮರುದಿನದ ಬೆಳಿಗ್ಗೆ ಎಂದು ನನಗೆ ಗೊತ್ತಿದೆ. ಒಬ್ಬರ ಮುಖ ಒಬ್ಬರು ನೋಡಲಾರದೆ ಕೂತಿದ್ದೀರಿ ಎಂದೂ ಗೊತ್ತಿದೆ. ನಿಮ್ಮ ಕುದ್ರಿನ ಸುತ್ತ ಹೊಳೆ, ಆಚೆ ಸಮುದ್ರ, ದಡ ಸೇರಲು ಒಂದು ದೋಣಿ ಬಿಟ್ಟರೆ ಗತಿಯಿಲ್ಲ. ಮೂವತ್ತು ವರ್ಷ ಸೇತುವೆ ಕೇಳಿ ಕೇಳಿ ಸೋತು, ಈ ಸಲ ಆರುನೂರ ಹನ್ನೆರಡು ಮತದಾರರೂ ವೋಟು ಹಾಕುವುದಿಲ್ಲವೆಂದು ಬಹಿಷ್ಕಾರದ ಬ್ಯಾನರು ಕಟ್ಟಿದಿರಿ. ಮುಂದೆ ನಿಂತು ಕಟ್ಟಿಸಿದವರು ಹೆರಿಯ ಮರಕಾಲರು. ನಾನು ಅವರ ವಂಶದವಳು, ಆದ್ದರಿಂದ ಅವರ ಹಟದ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಅವರ ಅತ್ತಿಗೆ, ಮೀನು ಮಾರುವ ಬಚ್ಚಿ ಮರಕಾಲ್ತಿ, ಖಾಲಿ ಬುಟ್ಟಿಯನ್ನು ಶಾಲೆಯ ಜಗಲಿಯಲ್ಲಿಟ್ಟು ಮತಗಟ್ಟೆಯ ಬಾಗಿಲಿಗೆ ಹೋದರು. ಇಡೀ ಊರು ನೋಡುತ್ತಿತ್ತು. "ಸೇತುವೆ ನಂಗೂ ಬೇಕ್. ಆರೆ ವೋಟ್ ನಂದ್" ಎಂದರಂತೆ. ಒಳಗೆ ನೊಣ ಹೊಡೆಯುತ್ತಿದ್ದ ಅಧಿಕಾರಿಗಳು ಎದ್ದು ನಿಂತು ಅವರ ಬೆರಳಿಗೆ ಮಸಿ ಹಚ್ಚಿದರು. ಹೊರಗೆ ಬಂದಾಗ ಅವರೊಡನೆ ಮಾತಾಡುವವರು ಯಾರೂ ಇರಲಿಲ್ಲ. ಮಧ್ಯಾಹ್ನ ಮೀನು ತಂದರೆ ಕೊಳ್ಳುವವರೂ ಇರಲಿಲ್ಲ.

ನಾಲ್ಕೂವರೆಯವರೆಗೂ ಮತಯಂತ್ರದಲ್ಲಿ ಇದ್ದದ್ದು ಆ ಒಂದೇ ಮತ. ಆಗ ಬೆಳ್ಕೋಡಿಯಿಂದ, ಅಂದರೆ ಹೊಳೆಯಾಚೆಯ ಪೇಟೆಯಿಂದ, ಬಂದಿದ್ದ ಒಬ್ಬ ಅಭ್ಯರ್ಥಿಯ ಏಜೆಂಟ್ ಹೊನ್ನೆ ಮರದ ಕೆಳಗೆ ಬೀಡಿ ಹಚ್ಚುತ್ತಾ ನಕ್ಕ. "ಎಣಿಕಿ ಆಯ್ಲಿ. ಮತಗಟ್ಟೆ ಲೆಕ್ಕದಂಗೆ ಬಚ್ಚಕ್ಕ ಯಾರಿಗ್ ಒತ್ತಿದ್ ಅಂದೇಳಿ ಇಡೀ ಊರಿಗ್ ಗೊತ್ತಾತ್ತ್. ಮತ್ತ್ ಅವ್ರನ್ನ್ ಕಾಂಬ" ಎಂದ. ನಗಲಿ ಎಂದೇ ಹೇಳಿದ್ದು, ಆದರೆ ಯಾರೂ ನಗಲಿಲ್ಲ. ಹೆರಿಯಣ್ಣ ಪಂಚೆ ಕೊಡವಿ ಎದ್ದರು. "ಅತ್ಗಿ ವೋಟ್ ಹಾಕದ್ ತಪ್ಪೇ. ಆರೆ ಅದ್ ಯಾರಿಗ್ ಅಂದೇಳಿ ಇವ ಕಾಂಬುಕಾಗ. ಏಳಿ, ಹೋಪ."

ನಲವತ್ತೊಂದು ಜನ ಎದ್ದಿರಿ. ಅಲ್ಲಿಗೂ ಮುಗಿಯಲಿಲ್ಲ. ಆರು ಅಭ್ಯರ್ಥಿಗಳು, ಏಳನೆಯದು ನೋಟಾ. ಯಾವ ಗುಂಡಿ ಖಾಲಿ ಉಳಿದರೂ ಬಚ್ಚಕ್ಕ ಅದನ್ನು ಒತ್ತಿಲ್ಲವೆಂದು ತಿಳಿದುಹೋಗುತ್ತದೆ. ಆದ್ದರಿಂದ ಏಳಕ್ಕೂ ಮತ ಬೀಳಲೇಬೇಕೆಂದು ಸಾಲಿನಲ್ಲಿ ನಿಂತೇ ತೀರ್ಮಾನಿಸಿದಿರಿ. ಊರಿಗೆ ಕಂಡರಾಗದ ಒಬ್ಬ ಅಭ್ಯರ್ಥಿಯಿದ್ದನಲ್ಲ, ಇದೇ ಏಜೆಂಟನ ಧಣಿ, ಅವನಿಗೆ ಒತ್ತಲು ಮಾತ್ರ ಯಾರೂ ಮುಂದಾಗಲಿಲ್ಲ. ಕೊನೆಗೆ ಯಾರೋ ಒಬ್ಬರು ಕಹಿ ಕಷಾಯ ಕುಡಿಯುವವರ ಮುಖ ಮಾಡಿಕೊಂಡು ಒಳಗೆ ಹೋದರಂತೆ. ಅವರು ಯಾರೆಂದು ನಮ್ಮ ಮನೆಯಲ್ಲಿ ಒಂದು ಊಹೆಯಿದೆ, ಆದರೆ ಆ ಮಾತು ಎತ್ತಿದರೆ ಇವತ್ತಿಗೂ ಹಿರಿಯರು ಗದರುತ್ತಾರೆ.

ಈ ಬೆಳಿಗ್ಗೆ ಬೆಳ್ಕೋಡಿಯ ಕಡವಿನಲ್ಲಿ, ದೋಣಿ ಕಟ್ಟುವ ಕಟ್ಟೆಯಲ್ಲಿ, ನಿಮ್ಮನ್ನು ಆಡಿಕೊಂಡು ನಗುತ್ತಿದ್ದಾರೆ. ಬೆಳಿಗ್ಗೆ ಬಹಿಷ್ಕಾರ, ಸಂಜೆ ಸಾಲು ಎನ್ನುತ್ತಿದ್ದಾರೆ. ಮಾತಿಗೆ ನಿಲ್ಲದ ಕುದ್ರಿನವರು ಎನ್ನುತ್ತಿದ್ದಾರೆ. ಮೂವತ್ತು ವರ್ಷದ ಸಿಟ್ಟನ್ನು ಒಂದೂವರೆ ಗಂಟೆಯಲ್ಲಿ ನೀರಿಗೆ ಹಾಕಿದೆವಲ್ಲ ಎಂದು ನಿಮಗೂ ಅನ್ನಿಸುತ್ತಿದೆ. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ. ಬೆಳ್ಕೋಡಿ ಕ್ಷೇತ್ರದ ಚರಿತ್ರೆ ಬರೆದವರು ಬಹಳ ಜನ. ಗೆದ್ದವರ ಹೆಸರು, ಅಂತರ, ಪಕ್ಷ ಬಿಟ್ಟವರು, ಮಂತ್ರಿಯಾದವರು, ಎಲ್ಲವೂ ಅದರಲ್ಲಿದೆ. ಆ ಹೆಸರುಗಳಲ್ಲಿ ಒಂದೂ ನಮ್ಮ ಮಕ್ಕಳಿಗೆ ಬಾಯಿಗೆ ಬರುವುದಿಲ್ಲ. ಆದರೆ ನಿನ್ನೆ ಸಂಜೆ ನೀವು ನಿಂತ ಸಾಲಿಗೆ ನಮ್ಮಲ್ಲಿ ಒಂದು ಹೆಸರಿದೆ. ಅದನ್ನು ಮರೆಸಾಲು ಎನ್ನುತ್ತೇವೆ. ಒಬ್ಬರ ಮತ ಬಯಲಾಗದಿರಲೆಂದು ಉಳಿದವರು ಬಂದು ನಿಲ್ಲುವುದು ಎಂದರ್ಥ. ನಡೆಯಲು ಕಲಿತ ಮಕ್ಕಳು ಇಲ್ಲಿ ಆಡುವ ಆಟವೂ ಅದೇ.

ಸೇತುವೆಯ ಸುದ್ದಿ ಕೇಳಬೇಕೆಂದಿದ್ದೀರಿ, ಹೇಳುತ್ತೇನೆ. ಇನ್ನು ಹನ್ನೊಂದು ವರ್ಷಕ್ಕೆ ಅದು ಬರುತ್ತದೆ. ಬಚ್ಚಕ್ಕ ಬುಟ್ಟಿ ಹೊತ್ತು ಅದರ ಮೇಲೆ ನಡೆಯುತ್ತಾರೆ. ಆಮೇಲೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದಲ್ಲಿ, ಸಮುದ್ರ ಮೇಲೇರಿ ಕುದ್ರು, ಶಾಲೆ, ಹೊನ್ನೆ ಮರ ಎಲ್ಲವೂ ಕೆಳಗೆ ಹೋಗುತ್ತವೆ. ಅತ್ತು ಮುಗಿಸಿದ್ದೇವೆ, ನೀವು ಅಳಬೇಡಿ. ಸೇತುವೆಯ ಕಂಬಗಳು ಮಾತ್ರ ಈಗಲೂ ನೀರಿನ ಮೇಲೆ ನಿಂತಿವೆ. ನಮ್ಮ ತೇಲುಮನೆಗಳನ್ನು, ಚಿಪ್ಪಿನ ಹಲಗೆಯ ಗೋಡೆಯಿರುವ ದೋಣಿಮನೆಗಳನ್ನು, ಆ ಕಂಬಗಳಿಗೇ ಕಟ್ಟುತ್ತೇವೆ. ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗ ಭತ್ತವನ್ನು ತೆಪ್ಪಗಳ ಮೇಲೆ ಬೆಳೆಯುತ್ತೇವೆ. ಅನ್ನ ಕೆಂಪು, ರುಚಿಗೆ ಉಪ್ಪು ಬೇಡ. ೨೧೭ನೇ ಮತಗಟ್ಟೆ ಒಂದು ತೆಪ್ಪ, ಶಾಲೆಯಿದ್ದ ಜಾಗಕ್ಕೆ ಸರಿಯಾಗಿ ಮೇಲೆ ತೇಲುತ್ತದೆ. ಇಳಿತದಲ್ಲಿ ಶಾಲೆಯ ನೀರಿನ ಟಾಂಕಿಯ ಮಂಡೆ ಕಾಣುತ್ತದೆ. ಬೆರಳಿಗೆ ಬೊಂಡಾಸು ಮೀನು ಕಾರುವ ಕಪ್ಪು ಮಸಿ ಹಚ್ಚುತ್ತೇವೆ, ಎರಡು ವಾರ ವಾಸನೆ ಹೋಗುವುದಿಲ್ಲ. ಅದನ್ನು ಮೂಸಿ ನೋಡಿ ಹೆಮ್ಮೆಪಡುವವರು ನಾವು.

ಮರೆಸಾಲಿನ ಪದ್ಧತಿ ನಮ್ಮಲ್ಲಿಂದ ದೂರದೂರಕ್ಕೆ ಹೋಗಿ ಕೊನೆಗೆ ಕಾನೂನೇ ಆಯಿತು. ಹನ್ನೆರಡು ಮತದಾರರಿಗಿಂತ ಕಡಿಮೆಯಿರುವ ಮತಗಟ್ಟೆಯಲ್ಲಿ ಗುಟ್ಟು ಉಳಿಯುವುದಿಲ್ಲ, ಆದ್ದರಿಂದ ಅದನ್ನು ಮುಚ್ಚತಕ್ಕದ್ದು. ಒಳ್ಳೆಯ ಕಾನೂನು. ಅದು ನಮ್ಮ ಕುತ್ತಿಗೆಗೇ ಬಂತು. ಕಳೆದ ಮಳೆಗಾಲದಿಂದ ನಾವು ಉಳಿದದ್ದು ಹನ್ನೊಂದು ಜನ. ಪಟ್ಟಿ ಮುಗಿಯುವುದು ಇವತ್ತು ಸೂರ್ಯ ಮುಳುಗುವಾಗ. ಹನ್ನೆರಡನೆಯವರು ಇಲ್ಲದಿದ್ದರೆ ೨೧೭ನೇ ಸಂಖ್ಯೆಯೇ ಅಳಿಸಿಹೋಗಿ, ನಾವು ಗುಡ್ಡದ ಪೇಟೆಗೆ ಹೋಗಿ ಯಾರದೋ ಸಾಲಿನ ಬಾಲದಲ್ಲಿ ನಿಲ್ಲಬೇಕಿತ್ತು. ಆ ಮಳೆಗಾಲದಿಂದ ನಾನು ಸರಿಯಾಗಿ ಊಟ ಮಾಡಿಲ್ಲ. ನೆಂಟರಿಗೆ ಹೇಳಿ ಕಳಿಸಿದೆ, ಬೇಡಿದೆ, ಬೈದೆ. ಯಾರೂ ಬರಲಿಲ್ಲ.

ಇದರ ಮೇಲೆ ಇನ್ನೊಂದು ಕಿರಿಕಿರಿ. ಮೂರು ತಿಂಗಳ ಹಿಂದೆ ಬೆಳ್ಕೋಡಿಯವರ ಒಂದು ತೇಲುಮನೆ ಬಂದು, ಗಾಳಿ ತಾಗದ ನಮ್ಮ ಒಳ್ಳೆಯ ಕಂಬಕ್ಕೆ ಹಗ್ಗ ಕಟ್ಟಿತು. ಐದು ಜನ, ಕೇಳಲಿಲ್ಲ, ಹೇಳಲಿಲ್ಲ. ನಾನು ದಿನಾ ಅವರಿಗೆ ಕೇಳಿಸುವ ಹಾಗೆಯೇ ಗೊಣಗಿದ್ದೇನೆ, ಒಮ್ಮೆ ಅವರ ಹಗ್ಗವನ್ನೂ ಬಿಚ್ಚಿದ್ದೇನೆ. ಅವರು ಮತ್ತೆ ಕಟ್ಟಿಕೊಂಡರು. ನಮ್ಮ ಕಾಲದಲ್ಲಿ ಮನೆಯನ್ನು ತೊಂಬತ್ತು ದಿನ ಎಲ್ಲಿ ಕಟ್ಟಿರುತ್ತಾರೋ ಅದೇ ವಿಳಾಸ. ಇವತ್ತು ಮಧ್ಯಾಹ್ನ ಆ ಮನೆಯ ಹಿರಿಯಳು ಮತಗಟ್ಟೆಯ ತೆಪ್ಪ ಹತ್ತಿ ಬಂದು ಐದು ಹೆಸರು ಬರೆದ ಹಾಳೆಯನ್ನು ನನ್ನ ಮುಂದಿಟ್ಟಳು. ತೊಂಬತ್ತು ದಿನ ಇವತ್ತಿಗೆ ಸರಿಯಾಗಿ ತುಂಬಿತ್ತು. "ನಿಮ್ಗ್ ಮರೆ ಆಪುಕ್ ಬಂದದ್ದ್" ಎಂದಳು. "ನಮ್ ಹಿರಿಯರ್ ಅವತ್ತ್ ಕಡವಿನಂಗೆ ನೆಗಾಡಿದ್ರ್ ಅಲ್ದಾ, ಅದ್ಕೆ."

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಈಗ ನಾವು ಹದಿನಾರು ಜನ. ೨೧೭ ಉಳಿಯಿತು. ನಾಚಿಕೆಪಟ್ಟುಕೊಂಡು ಕೂತ ಹಿರಿಯರೇ, ನಿಮ್ಮನ್ನು ನೋಡಿ ನಕ್ಕವರ ವಂಶದವರು ನಿಮ್ಮಿಂದ ಕಲಿತದ್ದನ್ನು ನನ್ನ ಕಣ್ಣೆದುರು ಮಾಡಿ ತೋರಿಸಿದರು. ಇನ್ನಾದರೂ ತಲೆಯೆತ್ತಿ.

ಕೊನೆಗೆ ಒಂದು ಕೋರಿಕೆ. ಬಚ್ಚಕ್ಕ ಯಾವ ಗುಂಡಿ ಒತ್ತಿದರು ಎಂಬುದು ಇಷ್ಟು ವರ್ಷಗಳಾದರೂ ನಮಗೆ ಗೊತ್ತಿಲ್ಲ. ಮುಳುಗಡೆಯಲ್ಲಿ ನಾವು ಮನೆ, ನೆಲ, ದೇವರಗುಡಿ ಎಲ್ಲ ಬಿಟ್ಟು ಬಂದೆವು. ಆ ಗೊತ್ತಿಲ್ಲದ್ದನ್ನು ಮಾತ್ರ ಜೋಪಾನವಾಗಿ ತಂದಿದ್ದೇವೆ. ಇನ್ನು ಸ್ವಲ್ಪ ಹೊತ್ತಿಗೆ ಅವರು ಬುಟ್ಟಿ ಹೊತ್ತು ನಿಮ್ಮ ಬಾಗಿಲಿಗೆ ಬರುತ್ತಾರೆ. ನೀವು ಮಾಡಿದ್ದಕ್ಕೆ ಮನಸ್ಸು ಕರಗಿ, ತಾವಾಗಿಯೇ ಹೇಳಿಬಿಡಲು ಬಾಯಿ ತೆರೆಯಬಹುದು. ಹೆರಿಯಣ್ಣ, ಮುಖ್ಯವಾಗಿ ನಿಮಗೇ ಹೇಳುತ್ತಿದ್ದೇನೆ. ಅವರ ಮಾತನ್ನು ಅಲ್ಲಿಗೇ ತಡೆದು, ಬಂಗುಡೆ ಇವತ್ತಿನದೋ ನಿನ್ನೆಯದೋ ಎಂದು ಕೇಳಿ. ಎಂದಿನಂತೆ ಜಗಳವಾಡಿ, ಮೀನು ಕೊಳ್ಳಿ.