ನನ್ನ ಲ್ಯಾಪ್‌ಟಾಪಿಗೆ ಮನೆಯವರ ಹೆಬ್ಬೆಟ್ಟು

ಫೆಬ್ರವರಿ ೧೨, ಗುರುವಾರ. ಅಜ್ಜಂಪುರ.

ಬೀಗ ಹಾಕಿ, ಅದರ ಕೀಲಿಕೈಯನ್ನು ಮನೆಮಂದಿಗೆಲ್ಲ ಹಂಚುವ ಗಂಡಸನ್ನು ಇವತ್ತು ಕಣ್ಣಾರೆ ಕಂಡೆ. ಅವನನ್ನೇ ಕಟ್ಟಿಕೊಂಡಿದ್ದೇನೆ.

ಹೊಸ ಲ್ಯಾಪ್‌ಟಾಪ್ ಹಗುರವಾಗಿದೆ, ದಿನಾ ಬಸ್ಸಿನಲ್ಲಿ ಕಡೂರಿನ ಕಾಲೇಜಿಗೆ ಒಯ್ಯಬಹುದು. ಅಲ್ಲಿನ ಹುಡುಗಿಯರು ಆಪ್ತಸಮಾಲೋಚಕಿ ಎಂದು ನನ್ನನ್ನು ನಂಬಿ, ಅತ್ತು ಹೇಳಿಕೊಂಡದ್ದೆಲ್ಲ ಅದರಲ್ಲಿದೆ. ಅದಕ್ಕೇ ಫೈಲುಗಳನ್ನು ಯಾರೂ ತೆರೆಯದಂತೆ ಕಾಯುವ ಸಾಫ್ಟ್‌ವೇರ್ ಬೇಕೆಂದೆ.

"ನಾನ್ ಹಾಕ್ಕೊಡ್ತೀನಿ ಬಿಡೇ" ಎಂದರು ನಮ್ಮ ಯಜಮಾನರು. ಹಾಕಿದರು. ಅದು ಬೆರಳಚ್ಚು ಕೇಳಿತು.

"ಹಿರೀರಿರುವಾಗ ಮೊದ್ಲು ನಾವು ಒತ್ತೋದಾ? ಅವ್ವಾ, ಬಾರವ್ವಾ."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಲ್ಯಾಪ್‌ಟಾಪಿಗೆ ಕೈಮುಗಿದು ಒತ್ತಿದರು. ಆಮೇಲೆ ಇವರು, ಮೈದುನ, ಅವನ ಹೆಂಡತಿ. ಪಾಲುಪಟ್ಟಿಗೆ ಹೆಬ್ಬೆಟ್ಟು ಒತ್ತಿದ ಹಾಗೆ! ಕೊನೆಗೆ ನಾನು.

ಮಾವ ಮಾತ್ರ ಸಿಡುಕಿದರು. "ಹೆಬ್ಬೆಟ್ಟು ಒತ್ತಕ್ಕೆ ನಾನೇನ್ ಓದಿಲ್ದೋನೇನ್ಲೇ? ಸೈನ್ ಮಾಡಕ್ಕೆ ಬತ್ತದೆ ನಂಗೆ."

ಹುಡುಗಿಯರ ಗುಟ್ಟಿನಿಂದ ದೂರ ಉಳಿದವರು ಅವರೊಬ್ಬರೇ. ಅದೂ ಬರೀ ಜಂಬಕ್ಕೆ.

"ಇಷ್ಟು ಜನದ್ದು ಯಾಕ್ರೀ?" ಎಂದೆ.

"ನಾವೇನ್ ಹೊರಗಿನೋರೇನೇ? ನಮ್ಮನೇಲಿ ಯಾರೂ ಕದ್ದು ನೋಡಲ್ಲ ಕಣೇ."

ಸರಿ. ಈಗ ಎಲ್ಲರೂ ಮಲಗಿದ್ದಾರೆ. ನನ್ನದೊಂದನ್ನು ಬಿಟ್ಟು ಎಲ್ಲರ ಬೆರಳನ್ನೂ ಅಳಿಸಿದ್ದೇನೆ. ಯಾರೂ ಮುಟ್ಟದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. "ನನ್ ಬೆರಳು ತಗೊಳ್ತಿಲ್ವಲ್ಲೇ" ಎಂದು ಮೊದಲು ಯಾರು ಬಾಯಿಬಿಡುತ್ತಾರೋ, ನೋಡೋಣ.